ಸೀಗೆಹುಂಡಿಯ ಗಾಳಿ

9 ಜನವರಿ 2005

ಮೈಸೂರಿನಿಂದ ಬಂದ ಪೇಪರ್ ಕಟ್ಟುಗಳನ್ನು ಅಂಗಡಿಯ ಮುಂದೆ ಇಳಿಸುತ್ತ ವ್ಯಾನಿನ ಡ್ರೈವರ್ ಹೇಳಿದ: "ಸ್ವಾಮಣ್ಣಾ, ನಿಮ್ಮೂರ್ ದಿಬ್ಬದ್ ಮ್ಯಾಲೆ ಯಾವ್ದೋ ಕಂಪ್ನಿಯೋರು ಗಾಳಿ ಫ್ಯಾನ್ ನೆಡ್ತಾರಂತೆ. ಕರೆಂಟ್ ತೆಗೀತಾರಂತೆ."

ನಾನು ಮಾರುವ ಪತ್ರಿಕೆಗಳಲ್ಲಿ ಒಂದರಲ್ಲೂ ಈ ಸುದ್ದಿ ಇಲ್ಲ. ಹ್ಯಾಂಡ್‌ಪೋಸ್ಟ್ ಎಂಬ ಈ ಕೂಡುರಸ್ತೆಯಲ್ಲಿ ಇಷ್ಟು ವರ್ಷ ಪೇಪರ್ ಏಜೆಂಟನಾಗಿದ್ದೇನೆ. ನಮ್ಮ ವಿಷಯ ಪತ್ರಿಕೆಗೆ ಬರುವುದು ಎಲ್ಲ ಮುಗಿದ ಮೇಲೆ ಎಂಬುದು ನನಗೆ ಹೊಸದಲ್ಲ.

"ನಿಮ್ಮೂರು" ಅಂದ. ಎಲ್ಲಿದೆ ನಮ್ಮೂರು? ಕಬಿನಿ ಹಿನ್ನೀರಿನ ತಳದಲ್ಲಿದೆ. ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದಾಗ ಸೀಗೆಹುಂಡಿಯ ಮನೆ, ಹೊಲ, ಬಾವಿ, ಹುಣಸೆತೋಪು ಎಲ್ಲ ಹೋದವು. ಮುಳುಗದೆ ಉಳಿದದ್ದು ಒಂದು ದಿಬ್ಬ. ಅದು ನಮ್ಮೂರಿನ ಕಣ. ಎಲ್ಲರ ರಾಗಿಯನ್ನೂ ಅಲ್ಲೇ ಕಲ್ಲಿನ ಗುಂಡು ಹೊಡೆಸಿ ಒಕ್ಕಿ ಅಲ್ಲೇ ತೂರುತ್ತಿದ್ದೆವು. ಈಗ ಮಳೆಗಾಲ ಹಿಡಿದರೆ ಮಾಘದವರೆಗೂ ಅದು ದ್ವೀಪ. ನೀರು ಇಳಿದ ಮೇಲೆ ನಡೆದು ಹೋಗಬಹುದು.

ಜನರನ್ನು ಒಂದನೇ ಕಾಲೋನಿ, ಎರಡನೇ ಕಾಲೋನಿ, ಮೂರನೇ ಕಾಲೋನಿ ಎಂದು ಹಂಚಿ ಹಾಕಿದರು. ಗೋಡೌನಿನಲ್ಲಿ ಮೂಟೆಗೆ ನಂಬರ್ ಹಾಕುವುದಿಲ್ಲವೇ, ಹಾಗೆ. ನಕ್ಷೆಯಿಂದ, ಬಸ್ಸಿನ ಬೋರ್ಡಿನಿಂದ, ತಾಲೂಕು ಕಚೇರಿಯ ದಾಖಲೆಯಿಂದ ಸೀಗೆಹುಂಡಿ ಅಳಿಸಿಹೋಯಿತು. ರೇಷನ್ ಕಾರ್ಡಿನಲ್ಲಿ ನಾನು ಎರಡನೇ ಕಾಲೋನಿಯ ನೀಲಕಂಠಸ್ವಾಮಿ. ಈಗ ಉಳಿದ ದಿಬ್ಬವೂ ಬೇಕಂತೆ. ಬರಲಿ. ಅವತ್ತು ನಮಗೆ ಮಾತು ಬರುತ್ತಿರಲಿಲ್ಲ. ಈಗ ಬರುತ್ತದೆ.

11 ಜನವರಿ

ಪಕ್ಕದ ವೆಲ್ಡಿಂಗ್ ಅಂಗಡಿಯ ಪೀರ್ ಸಾಬ್ ನಮ್ಮೂರಿನವನೇ. ಅವರಪ್ಪ ಗಾಡಿ ಚಕ್ರಕ್ಕೆ ಪಟ್ಟಿ ಕಟ್ಟುತ್ತಿದ್ದರು. ವಿಷಯ ಹೇಳಿದರೆ ಇವನು ಕಣ್ಣಿಗೆ ಹಾಕಿದ್ದ ಕಪ್ಪು ಗಾಜನ್ನೂ ತೆಗೆಯಲಿಲ್ಲ.

"ಹಾಕ್ಲಿ ಬುಡು. ದಿಬ್ಬದ್ ಮ್ಯಾಲೆ ಏನೈತೆ? ಹಾವು, ನೀರುಕೋಳಿ."

"ನಿಮ್ಮಪ್ಪ ಕೂತು ಚಕ್ರ ಕಟ್ತಿದ್ದ ಊರು ಕಣೋ ಅದು!"

"ನಮ್ಮಪ್ಪ ಕೂತಿದ್ ಜಾಗ್ದಲ್ ಈಗ ಮೀನು ಕೂತೈತೆ. ಅದುಕ್ಕೂ ನೋಟೀಸ್ ಕೊಡ್ತೀಯಾ?"

ಇಂಥವರಿಂದಲೇ ಊರು ಮುಳುಗಿದ್ದು ಎಂದು ಬೈದು ಬಂದೆ. ಸಂಜೆ ಅವನೇ ಟೀ ಕಳಿಸಿದ. ಕುಡಿದೆ. ಕೋಪ ಬೇರೆ, ಟೀ ಬೇರೆ.

17 ಜನವರಿ

ಕಂಪನಿಯವರು ಬಂದಿದ್ದರು. ಹೆಗ್ಗಡದೇವನಕೋಟೆಯಿಂದ ಜೀಪಿನಲ್ಲಿ ಬಂದರು. ನಾಲ್ಕು ಜನ ಗಂಡಸರು, ಅವರಿಗೆಲ್ಲ ಹೇಳುವವಳು ಒಬ್ಬಳು ಹೆಂಗಸು, ಮೂವತ್ತು ದಾಟಿಲ್ಲ. ಇಂಜಿನಿಯರ್ ಅಂತೆ, ಪವಿತ್ರಾ ಎಂದು ಹೆಸರಂತೆ. ಅವರು ಹರಿಗೋಲು ಹತ್ತುವ ಮೊದಲೇ ನಾನು ಹತ್ತಿ ಕುಳಿತೆ. "ನೀವು ಯಾರು ಸಾರ್?" ಎಂದಳು. "ನೀವು ಹೋಗುತ್ತಿರುವ ಜಾಗದ ಮನೆಯವನು" ಎಂದೆ.

ದಿಬ್ಬದ ಮೇಲೆ ನಿಂತು ಇರುವುದೆಲ್ಲ ಹೇಳಿದೆ. ಅಣೆಕಟ್ಟಿನ ಕಾಲದಲ್ಲಿ ಯಾವ ಅಧಿಕಾರಿ ಯಾವ ಮರದ ಕೆಳಗೆ ನಿಂತು ಯಾವ ಮಾತು ಕೊಟ್ಟ, ಅದರಲ್ಲಿ ಯಾವುದು ನಡೆಯಿತು, ಎಲ್ಲವನ್ನೂ. ಅವಳು ಬಿಸಿಲಿನಲ್ಲಿ ಕೊನೆಯವರೆಗೂ ಕೇಳಿದಳು, ಅದು ಮಾತ್ರ ನಿಜ. ಆಮೇಲೆ ಅವರ ಲೆಕ್ಕಾಚಾರ ಹೇಳಿದಳು. ಕಂಪನಿಯ ಕಣ್ಣಿರುವುದು ಸಮುದ್ರದ ಮೇಲೆ. ಕರಾವಳಿಯ ಆಚೆ, ನೀರಿನೊಳಗೇ ಗಾಳಿಯಂತ್ರಗಳನ್ನು ನಿಲ್ಲಿಸುವ ಯೋಜನೆ. ನಮ್ಮ ದೇಶದಲ್ಲಿ ಅದನ್ನು ಮಾಡಿ ಕೈ ಪಳಗಿದವರಿಲ್ಲ. ಸಮುದ್ರದಲ್ಲಿ ತಪ್ಪಿದರೆ ಮುಳುಗಿದ ಹಾಗೆ. ನಮ್ಮ ಹಿನ್ನೀರಿನಲ್ಲಾದರೆ ಬೇಸಿಗೆಯಲ್ಲಿ ಒಣನೆಲದ ಮೇಲೆ ಅಡಿಪಾಯ ಹಾಕಬಹುದು, ಮಳೆಗಾಲದಲ್ಲಿ ಅದೇ ಅಡಿಪಾಯ ನೀರಿನಲ್ಲಿ ಹೇಗೆ ನಿಲ್ಲುತ್ತದೆ ನೋಡಬಹುದು. ದಿಬ್ಬದ ಮೇಲೆ ಒಂದು, ಪಕ್ಕದ ನೀರಿನಲ್ಲಿ ಎರಡು ಯಂತ್ರ. ಬರುವ ವಿದ್ಯುತ್ತು ಕಾಲೋನಿಗಳಿಗೆ.

"ಅಭ್ಯಾಸಕ್ಕೆ ನಮ್ಮೂರೇ ಬೇಕಾಯ್ತೋ?" ಎಂದೆ.

"ಅದೂ ಗ್ಯಾರಂಟಿ ಇಲ್ಲ ಸಾರ್" ಎಂದಳು. "ಮೊದಲು ಕಂಬ ನಿಲ್ಲಿಸಿ ಒಂದು ವರ್ಷ ಗಾಳಿ ಅಳೀಬೇಕು. ನೋಡಿದ್ರೆ ಇಲ್ಲಿ ಅಷ್ಟು ಗಾಳಿ ಇರೋ ಹಂಗೆ ಕಾಣಲ್ಲ."

ಗಾಳಿ ಕಾಣುವುದಿಲ್ಲವಂತೆ! ಸೀಗೆಹುಂಡಿಯ ಕಣದಲ್ಲಿ ನಿಂತು!

ಸುತ್ತಲಿನ ಊರುಗಳವರು ಗಾಳಿ ಸಿಗದೆ ವಾರಗಟ್ಟಲೆ ರಾಶಿ ಕಾಯುತ್ತಿದ್ದಾಗ ನಮ್ಮ ಕಣದಲ್ಲಿ ದಿನ ಮುಳುಗುವುದರೊಳಗೆ ತೂರಿ ಮುಗಿಸುತ್ತಿದ್ದೆವು. ಹೊರಗಿನವರು ಗಾಡಿ ಹೂಡಿಕೊಂಡು ನಮ್ಮ ದಿಬ್ಬಕ್ಕೆ ಬರುತ್ತಿದ್ದರು. ಇದನ್ನೆಲ್ಲ ಅವಳಿಗೆ ಹೇಳಿದೆ. ಗಂಟಲು ಕಟ್ಟುವಷ್ಟು ಹೇಳಿದೆ.

ವಾಪಸ್ ಬರುವಾಗ ಸುಮ್ಮನೆ ಕೇಳಿದೆ, ಇಂಥ ಕೇಂದ್ರಕ್ಕೆ ಏನು ಹೆಸರಿಡುತ್ತೀರಿ ಎಂದು. "ಸಾಮಾನ್ಯವಾಗಿ ಜಾಗದ ಹೆಸರೇ ಸಾರ್" ಎಂದಳು. "ನಕ್ಷೆಯಲ್ಲೂ ಬರುತ್ತಾ?" "ಬರುತ್ತೆ."

ಸುಮ್ಮನೆ ಕೇಳಿದ್ದು, ಅಷ್ಟೆ.

18 ಜನವರಿ

ಅಷ್ಟು ಗಾಳಿ ಕಾಣುವುದಿಲ್ಲವಂತೆ. ಬೆಳಗ್ಗೆ ಎದ್ದಾಗಲೂ ಅದೇ ಮಾತು ತಲೆಯಲ್ಲಿತ್ತು.

23 ಜನವರಿ

ಭಾನುವಾರ ಅಂಗಡಿ ಮುಚ್ಚಿ ಮೂರೂ ಕಾಲೋನಿ ತಿರುಗಿದೆ. ಕಣ ಕಂಡ ಹಿರಿಯರನ್ನೆಲ್ಲ ಕೇಳಿದೆ. ಮೂರನೇ ಕಾಲೋನಿಯ ಚಾಮಯ್ಯ ನಮ್ಮೂರಿನ ಕೊನೆಯ ಪಟೇಲರ ಮಗ; ಎದ್ದು ಕೂರಲು ಇಬ್ಬರು ಬೇಕು. ಗಾಳಿ ಅಂದ ಕೂಡಲೇ ಕೈ ಎತ್ತಿದರು.

"ನಮ್ ಕಣದ್ ಗಾಳೀನಾ? ಅಂಥ ಒಳ್ಳೆ ಗಾಳಿ ಈ ಸೀಮೇಲೇ ಇಲ್ಲ ಕಣಪ್ಪ. ತಾಯಿ ತಟ್ಟಿ ಮಲಗ್ಸಿದಂಗೆ."

ಒಬ್ಬರೂ ಬೇರೆ ಮಾತಾಡಲಿಲ್ಲ. ಎಸ್.ಟಿ.ಡಿ. ಬೂತಿನಿಂದ ಆ ಇಂಜಿನಿಯರಿಗೆ ಫೋನ್ ಮಾಡಿ ಹೇಳಿದೆ: ಸಾಕ್ಷಿಗಳಿದ್ದಾರೆ, ನಿಮ್ಮ ಕಂಬ ತಂದು ಅಳೆಯಿರಿ, ಆಮೇಲೆ ನೋಡೋಣ ಯಾರ ಮಾತು ನಿಲ್ಲುತ್ತದೆ ಎಂದು.

ಹೆಂಡತಿ ಭದ್ರಮ್ಮ ರಾತ್ರಿ ಊಟಕ್ಕೆ ಬಡಿಸುತ್ತ, "ಅಲ್ಲಾ, ನೀವು ಕಂಪ್ನಿಯೋರ್ನ ಓಡಿಸ್ತೀನಿ ಅಂತ ಅಲ್ವಾ ಹೋಗಿದ್ದು?" ಎಂದಳು.

ಹೆಂಗಸರಿಗೆ ಹೋರಾಟದ ಒಳಸುಳಿ ಅರ್ಥವಾಗುವುದಿಲ್ಲ.

5 ಫೆಬ್ರವರಿ

ಮೈಸೂರಿಗೆ ಹೋಗಿ ಗ್ರಂಥಾಲಯದಲ್ಲಿ ಇಡೀ ದಿನ ಕುಳಿತೆ. ಶತ್ರುವಿನ ವಿದ್ಯೆ ಗೊತ್ತಿರಬೇಕು. ಓದುತ್ತ ಓದುತ್ತ ಊಟ ಮರೆತೆ!

ಡೆನ್ಮಾರ್ಕ್ ಎನ್ನುವ ಪುಟ್ಟ ದೇಶ ಸಮುದ್ರದೊಳಗೆ ಸಾಲುಸಾಲು ಗಾಳಿಯಂತ್ರ ನಿಲ್ಲಿಸಿದೆ. ಸುಮ್ಮನೆ ಹೋಗಿ ನೆಡುವುದಲ್ಲ. ಮೊದಲು ವರ್ಷಗಟ್ಟಲೆ ಗಾಳಿ ಅಳೆಯುತ್ತಾರೆ. ಸಮುದ್ರದ ತಳಕ್ಕೆ ಕೊರೆದು ಮಣ್ಣು ತೆಗೆದು ನೋಡುತ್ತಾರೆ: ಮರಳೋ, ಜೇಡಿಯೋ, ಬಂಡೆಯೋ. ಹಕ್ಕಿ ಯಾವ ದಾರಿಯಲ್ಲಿ ಹಾರುತ್ತದೆ, ಮೀನು ಎಲ್ಲಿ ಮೊಟ್ಟೆ ಇಡುತ್ತದೆ, ದೋಣಿ ಹಡಗು ಎಲ್ಲಿ ಹೋಗುತ್ತವೆ, ಎಲ್ಲ ಬರೆದಿಡುತ್ತಾರೆ. ಆಮೇಲೆ ಹತ್ತಾರು ಇಲಾಖೆಗಳ ಒಪ್ಪಿಗೆ. ಆಮೇಲೆ ಮನೆಗಿಂತ ದಪ್ಪನೆಯ ಉಕ್ಕಿನ ಕೊಳವೆಯನ್ನು ತಳಕ್ಕೆ ಬಡಿದು ಕೂರಿಸಿ, ಅದರ ಮೇಲೆ ಕಂಬ, ಕಂಬದ ಮೇಲೆ ರೆಕ್ಕೆ. ಆ ಕೆಲಸಕ್ಕೆ ಬರುವ ಹಡಗಿಗೆ ಕಾಲುಗಳಿವೆ! ಜಾಗ ಬಂದ ಮೇಲೆ ಕಾಲನ್ನು ಸಮುದ್ರದ ತಳಕ್ಕೆ ಊರಿ, ಮೈಯನ್ನು ಅಲೆಯ ಮೇಲಕ್ಕೆ ಎತ್ತಿಕೊಂಡು ನಿಲ್ಲುತ್ತದೆ. ಕೊನೆಗೆ ತಳದ ಮಣ್ಣಿನಲ್ಲಿ ಕೇಬಲ್ ಹೂತು ದಡಕ್ಕೆ ವಿದ್ಯುತ್ ತರುತ್ತಾರೆ.

ಬಸ್ಸಿಳಿದವನೇ ಪೀರ್ ಸಾಬಿಗೆ ಹೇಳಿದೆ.

"ಹಡಗಿಗೆ ಕಾಲಾ? ನಾಳಿಕ್ ಎಮ್ಮೆಗೆ ರೆಕ್ಕೆ ಅಂತೀಯ."

"ಫೋಟೋ ನೋಡಿದೀನಿ ಕಣ್ಲಾ!"

ಅವನು ವೆಲ್ಡಿಂಗ್ ಕಡ್ಡಿ ಕೆಳಗಿಟ್ಟ. "ಎಷ್ಟು ಕಾಲು?" ಎಂದ. "ನಾಲ್ಕು, ಕೆಲವಕ್ಕೆ ಆರು" ಎಂದೆ. ಕಣ್ಣಿನ ಕಪ್ಪು ಗಾಜನ್ನೂ ತೆಗೆದು, "ಬೆಸುಗೆ ಯಾರ್ ಹಾಕ್ತಾರೋ ಅದುಕ್ಕೆ" ಎಂದ. ಗಾಳಕ್ಕೆ ಬಿದ್ದ.

13 ಮಾರ್ಚ್

ಇವತ್ತಿನ ದಿನ! ಎಲ್ಲಿಂದ ಶುರು ಮಾಡಲಿ!

ನೀರು ಇಳಿದು ದಾರಿ ಬಿಟ್ಟಿದೆ. ಲಾರಿ ದಿಬ್ಬದ ಬುಡದವರೆಗೂ ಹೋಯಿತು. ಐವತ್ತು ಮೀಟರ್ ಎತ್ತರದ ಕಂಬ, ಕೊಳವೆ ಕೊಳವೆಯಾಗಿ ಬಂದದ್ದನ್ನು ನೆಲದ ಮೇಲೆ ಉದ್ದಕ್ಕೆ ಜೋಡಿಸಿ, ಉಕ್ಕಿನ ಹಗ್ಗ ಕಟ್ಟಿ ರಾಟೆಯಲ್ಲಿ ನಿಧಾನಕ್ಕೆ ಎತ್ತಿದರು. ಹಗ್ಗ ಬಿಗಿಯುವ ಗೂಟಗಳನ್ನು ಮಾಡಿದ್ದು ನಮ್ಮ ಪೀರ್ ಸಾಬ್. ಬೆಳಗ್ಗಿನಿಂದ ಗೂಟದಿಂದ ಗೂಟಕ್ಕೆ ಓಡಾಡಿ ತನ್ನ ಬೆಸುಗೆಗೆ ತಾನೇ ಕಿವಿಯಿಟ್ಟು ಕೇಳುತ್ತಿದ್ದ. ಕಂಬದ ಮೂರು ಕಡೆ ಮೂರು ಮೂರು ಬಟ್ಟಲಿನ ಚಕ್ರಗಳು. ಗಾಳಿ ತುಂಬಿದರೆ ತಿರುಗುತ್ತವೆ. ಬುಡದ ಪೆಟ್ಟಿಗೆಯೊಳಗಿನ ಕಾರ್ಡು ಅದನ್ನು ಬರೆದುಕೊಳ್ಳುತ್ತದೆ.

ಮೂರೂ ಕಾಲೋನಿಯಿಂದ ಜನ ಬಂದಿದ್ದರು. ಬುತ್ತಿ ಕಟ್ಟಿಕೊಂಡು ಬಂದಿದ್ದರು! ನಾನು ನೋಡಿ ಇಪ್ಪತ್ತು ವರ್ಷವಾದ ಮುಖಗಳು. ಹೆಂಗಸರು ಕೆಸರು ಒಣಗಿದ ನೆಲದಲ್ಲಿ ತಮ್ಮ ತಮ್ಮ ಮನೆಯ ಕಲ್ಲು ಹುಡುಕುತ್ತ, "ಇದು ನಮ್ಮ ಹಿತ್ಲು ಕಣೇ", "ಅಲ್ಲ, ನಮ್ ಕೊಟ್ಟಿಗೆ" ಎಂದು ಜಗಳ ತೆಗೆದರು. ಮುಳುಗಿದ ಹಿತ್ತಲಿಗೆ ಜಗಳ!

ಕಂಬ ನೇರ ನಿಂತಾಗ ಬಟ್ಟಲುಗಳು ತಿರುಗಿದವು. ಎಲ್ಲರೂ ಕೂಗಿದರು. ನಾನೂ ಕೂಗಿದೆ ಎಂದು ಭದ್ರಮ್ಮ ಹೇಳುತ್ತಾಳೆ, ನನಗೆ ನೆನಪಿಲ್ಲ.

ಕಂಬದ ಬುಡಕ್ಕೆ ಹಳದಿ ತಗಡಿನ ಬೋರ್ಡು. ಪವಿತ್ರಾ ಬಣ್ಣ ಬರೆಯುವವನ ಪಕ್ಕ ನಿಂತು ಬರೆಸಿದಳು: "ಸೀಗೆಹುಂಡಿ ಗಾಳಿ ಮಾಪನ ಕೇಂದ್ರ". ಮೂವತ್ತು ವರ್ಷದ ಮೇಲೆ ಆ ಹೆಸರನ್ನು ಬೋರ್ಡಿನ ಮೇಲೆ ಓದಿದೆ. ಮನೆಯವರು ಮಂಚದ ಸಮೇತ ಹೊತ್ತು ತಂದಿದ್ದ, ಓದು ಬಾರದ ಚಾಮಯ್ಯನವರು, "ಸರಿಯಾಗ್ ಬರ್ದವ್ರಾ ನೋಡಪ್ಪ" ಎಂದು ನನ್ನನ್ನು ಮೂರು ಸಲ ಕೇಳಿದರು.

21 ಏಪ್ರಿಲ್

ಆನೆ! ಕಾಡಿನಿಂದ ನೀರಿಗೆ ಇಳಿದ ಒಂಟಿ ಸಲಗ ಕಂಬದ ಹಗ್ಗಕ್ಕೆ ಬೆನ್ನು ಉಜ್ಜಿಕೊಂಡು ಹೋಗಿದೆ. ಕಂಬ ವಾಲಿಲ್ಲ. ಪೀರ್ ಸಾಬ್ ಈಗ ಸಿಕ್ಕಿದವರಿಗೆಲ್ಲ, "ಆನೆ ಪಾಸ್ ಮಾಡಿದ ವೆಲ್ಡಿಂಗ್ ಕಣ್ರೀ ನಮ್ದು" ಎನ್ನುತ್ತಿದ್ದಾನೆ. ನಾಲ್ಕು ದಿನದಿಂದ ಬೇರೆ ಮಾತಿಲ್ಲ.

ನಾನೂ ಹೋಗಿ ನಮ್ಮ ಕಂಬದ ಹಗ್ಗಗಳನ್ನೆಲ್ಲ ನೋಡಿ ಬಂದೆ.

30 ಮೇ

ಸಂಪಾದಕರಿಗೆ ಪತ್ರ ಬರೆದೆ. ವಿಷಯ: ಹಿನ್ನೀರಿನ ಗಾಳಿ ವಿದ್ಯುತ್ ಯೋಜನೆಗೆ ಕಚೇರಿಗಳ ವಿಳಂಬ ನೀತಿ. ಕಠಿಣವಾಗಿಯೇ ಬರೆದಿದ್ದೇನೆ.

19 ಜುಲೈ

ದಿಬ್ಬ ಮತ್ತೆ ದ್ವೀಪ. ಕಾರ್ಡು ಬದಲಿಸಲು ಬೆಂಗಳೂರಿನಿಂದ ಯಾರೂ ಬರುವಂತಿಲ್ಲ, ಮಳೆ. ಫೋನಿನಲ್ಲಿ ಪವಿತ್ರಾ ಹೇಗೆ ಎಂದು ಹೇಳಿಕೊಟ್ಟಳು. ನಾನೂ ಪೀರ್ ಸಾಬೂ ಹರಿಗೋಲಿನಲ್ಲಿ ಹೋದೆವು. ಅಲೆ ಹೊಡೆದು ಹರಿಗೋಲು ಸುತ್ತಿತು. ಇವನು ದೇವರ ಹೆಸರು ಹೇಳಿಕೊಂಡು ನನ್ನ ಪಂಚೆ ಹಿಡಿದುಕೊಂಡ.

"ಮುಳುಗಿದ್ರೆ ನಮ್ಮೂರಿಗೇ ಹೋಗ್ತೀವಿ, ಹೆದ್ರಬೇಡ" ಎಂದೆ.

"ನಿಂಗೆ ಹುಚ್ಚು ಕಣ್ಲಾ ಸ್ವಾಮಿ. ಮೊದ್ಲು ಇವರ್ನ ಓಡ್ಸೋ ಹುಚ್ಚು. ಈಗ ಇವರ ಕಾರ್ಡ್ ತರೋ ಹುಚ್ಚು. ನಿಮ್ಮನೇಲಿ ಭದ್ರಕ್ಕ ಹೆಂಗ್ ಬಾಳ್ತದೋ."

ಅವನ ಲೆಕ್ಕ ಅವನಿಗೆ. ಕಾರ್ಡು ಎದೆಯ ಜೇಬಿನಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದೆ. ಬಟ್ಟಲುಗಳು ಕಣ್ಣಿಗೆ ಕಾಣದಂತೆ ತಿರುಗುತ್ತಿದ್ದವು.

2 ಆಗಸ್ಟ್

ಗಾಳಿ.

3 ಆಗಸ್ಟ್

ಗಾಳಿ! ಬಸ್‌ಸ್ಟ್ಯಾಂಡಿನ ಹೋರ್ಡಿಂಗ್ ಹರಿದಿದೆ. ಅಂಗಡಿಯ ಪೇಪರುಗಳ ಮೇಲೆ ಕಲ್ಲು ಇಟ್ಟರೂ ನಿಲ್ಲುತ್ತಿಲ್ಲ. ಇಂಥ ಸಂತೋಷ!

14 ಅಕ್ಟೋಬರ್

ಗಾಳಿ ಇಲ್ಲ. ಹಬ್ಬದ ಪೇಪರ್ ಜಾಸ್ತಿ ಹೋಯಿತು.

29 ನವೆಂಬರ್

ಪವಿತ್ರಾ ಫೋನ್ ಮಾಡಿದ್ದಳು. ಗಾಳಿಯ ಲೆಕ್ಕ ಸಾಲದಂತೆ, ವರ್ಷ ತುಂಬುವವರೆಗೆ ಕಾಯಬೇಕಾಗಿಯೂ ಇಲ್ಲವಂತೆ. ಜೂನಿನಿಂದ ಆಗಸ್ಟಿನವರೆಗೆ ಪರವಾಗಿಲ್ಲ, ಉಳಿದ ತಿಂಗಳು ಏನೂ ಇಲ್ಲವಂತೆ. ಸರಾಸರಿ ಸೆಕೆಂಡಿಗೆ ಆರು ಮೀಟರಾದರೂ ಇಲ್ಲದಿದ್ದರೆ ಯಂತ್ರ ನಿಲ್ಲಿಸಿ ಪ್ರಯೋಜನವಿಲ್ಲ. ನಮ್ಮದು ನಾಲ್ಕನ್ನೂ ಮುಟ್ಟಿಲ್ಲವಂತೆ. ಕಂಬ ಬಿಚ್ಚುತ್ತಾರಂತೆ.

ನಾನು ಏನೇನು ಅಂದೆನೋ. ನಿಮ್ಮ ಬಟ್ಟಲಿಗೆ ತುಕ್ಕು ಹಿಡಿದಿದೆ ಅಂದೆ. ಬೇರೆ ಜಿಲ್ಲೆಯ ಯಾರೋ ದೊಡ್ಡವರು ನಿಮ್ಮನ್ನು ಎಳೆದುಕೊಂಡಿದ್ದಾರೆ ಅಂದೆ. ನಮ್ಮನ್ನು ಮುಳುಗಿಸುವಾಗಲೂ ಹೀಗೇ ಲೆಕ್ಕ ತೋರಿಸಿದ್ದರು ಅಂದೆ. ಅವಳು, "ಸಾರ್, ನನಗೂ ಬೇಜಾರಾಗಿದೆ" ಎಂದಳು. "ನಿನ್ನ ಬೇಜಾರು ನಕ್ಷೆಯಲ್ಲಿ ಬರುತ್ತದೇನಮ್ಮ?" ಎಂದು ಫೋನಿಟ್ಟೆ.

ಯಾರಿಗೆ ಹೇಳಲಿ? ಚಾಮಯ್ಯನವರು ವಾರಕ್ಕೊಮ್ಮೆ ಮೊಮ್ಮಗಳನ್ನು ಕಳಿಸಿ, "ನಮ್ಮೂರ್ ಹೆಸ್ರು ನಕ್ಸೇಲಿ ಬಂತಾ?" ಎಂದು ಕೇಳಿಸುತ್ತಾರೆ.

30 ನವೆಂಬರ್

ಮತ್ತೆ ಫೋನ್ ಮಾಡಿದೆ. ಸಂಕ್ರಾಂತಿಯವರೆಗೆ ಕಂಬ ಬಿಚ್ಚಕೂಡದು, ಅದು ನಮ್ಮ ರಾಶಿಯ ಕಾಲ, ಆಗ ಬಂದು ಗಾಳಿ ನೋಡು, ರಾಗಿ ತೂರಿ ತೋರಿಸುತ್ತೇನೆ ಎಂದೆ. ಬರುತ್ತೇನೆ ಎಂದಳು. ತಾನೂ ಕೆ.ಆರ್. ನಗರದ ಕಡೆಯ ರಾಗಿ ಹೊಲದ ಮನೆಯ ಮಗಳಂತೆ, ಬಂದೇ ಬರುತ್ತಾಳೆ.

12 ಜನವರಿ 2006

ನಾವು ನಾಲ್ಕೇ ಜನ ಹೋಗಿದ್ದೆವು: ನಾನು, ಭದ್ರಮ್ಮ, ಪೀರ್ ಸಾಬ್, ಪವಿತ್ರಾ. ಎರಡನೇ ಕಾಲೋನಿಯಿಂದ ಗುಂಡು ಹೊಡೆಸಿದ, ಇನ್ನೂ ತೂರದ ರಾಗಿ ಎರಡು ಮೂಟೆ ತಂದಿದ್ದೆ. ಹರಿಗೋಲು ಅರ್ಧ ಮುಳುಗಿಯೇ ಹೋಯಿತು.

ಟಾರ್ಪಾಲು ಹಾಸಿ, ಮೂರು ಕಾಲಿನ ಮಣೆಯ ಮೇಲೆ ನಿಂತೆ. ಈ ವಯಸ್ಸಿನಲ್ಲಿ ಬೇಡ ಎಂದು ಭದ್ರಮ್ಮ ಬೈಯುತ್ತಲೇ ಮೊರ ತುಂಬಿ ಕೊಟ್ಟಳು. ಪವಿತ್ರಾ ಕೈಯಲ್ಲಿ ಹಿಡಿಯುವ ಪುಟ್ಟ ಮಾಪಕವನ್ನು ನನ್ನ ತಲೆಯ ಮಟ್ಟಕ್ಕೆ ಎತ್ತಿ ನಿಂತಳು. ಗಾಳಿ ಬಂತು! ನಾನು ಹೇಳಿದ ಹೊತ್ತಿಗೆ, ನಾನು ಹೇಳಿದ ದಿಕ್ಕಿನಿಂದ! ಮೊರ ಬಾಗಿಸಿದೆ. ಮರೆತಿರಲಿಲ್ಲ ಕೈ. ಹೊಟ್ಟು ತೆಳ್ಳಗೆ ಹಾರಿ ಆಚೆ ಬಿತ್ತು, ರಾಗಿ ನೇರ ಕೆಳಗಿಳಿದು ಕಾಲ ಬುಡದಲ್ಲಿ ಕೆಂಪಗೆ ರಾಶಿಯಾಯಿತು. ಒಂದು ಕಾಳು ಚದುರಲಿಲ್ಲ. ಹಾಗೇ ಮೊರದ ಮೇಲೆ ಮೊರ.

"ನೋಡಿದೆಯಾ? ಇದಕ್ಕಿಂತ ಒಳ್ಳೆ ಗಾಳಿ ತೋರಿಸು ನನಗೆ!"

"ಎರಡೂವರೆ, ಮೂರು" ಎಂದು ಅವಳು ಓದುತ್ತಿದ್ದಳು. "ಮೂರು... ಎರಡೂವರೆ..." ಆಮೇಲೆ ಅವಳ ದನಿ ಏರಿತು. "ಸಾರ್, ಐದು... ಆರು! ಏಳು!"

ಹಿನ್ನೀರಿನ ಕಡೆಯಿಂದ ಒಂದು ಬೀಸು ಬಂತು. ನಾನು ಸುರಿಯುತ್ತಲೇ ಇದ್ದೆ. ಹೊಟ್ಟಿನ ಜೊತೆ ರಾಗಿಯೂ ಎದ್ದಿತು. ಮೊರದಲ್ಲಿದ್ದದ್ದು, ರಾಶಿಯ ತಲೆಯ ಮೇಲಿದ್ದದ್ದು, ಎಲ್ಲ ಒಂದೇ ಸಮ ಹೋಗಿ ನೀರಿನ ಮೇಲೆ ಬಿತ್ತು. ಮೀನುಗಳು ನೀರು ಕಲಕಿದವು.

"ನಿಲ್ಲಿಸ್ರೀ!" ಎಂದು ಭದ್ರಮ್ಮ ರಾಶಿಯ ಮೇಲೆ ಬಿದ್ದು ಸೆರಗು ಮುಚ್ಚಿದಳು.

ಖಾಲಿ ಮೊರ ಹಿಡಿದು ನಿಂತಿದ್ದೆ. ಪವಿತ್ರಾ ಮಾಪಕ ಕೆಳಗಿಳಿಸಿದಳು. "ನಮಗೆ ಬೇಕಾದ ಗಾಳಿ ಇದು ಸಾರ್" ಎಂದಳು, ಮೆಲ್ಲಗೆ.

ಭದ್ರಮ್ಮ ರಾಶಿಯ ಮೇಲಿಂದಲೇ ತಲೆ ಎತ್ತಿದಳು. "ಇದಾ?" ಎಂದಳು. "ಇಂಥಾದ್ದು ದಿನಾ ಬೀಸಿದ್ರೆ ಸೀಗೆಹುಂಡಿಯೋರು ಏನ್ ತಿಂದು ಬದುಕ್ಬೇಕಾಗಿತ್ತವ್ವಾ?"

ಪೀರ್ ಸಾಬ್ ಮೊದಲು ನಕ್ಕ. ಆಮೇಲೆ ಪವಿತ್ರಾ. ಆಮೇಲೆ ಭದ್ರಮ್ಮ ರಾಗಿಯ ಮೇಲೆ ಮಲಗಿಕೊಂಡೇ. ಮಣೆಯ ಮೇಲಿಂದ ಇಳಿಯಲು ನನಗೆ ಯಾರೂ ಕೈ ಕೊಡಲಿಲ್ಲ, ಅಷ್ಟು ನಗು.

ನಾವು ಸುಳ್ಳು ಹೇಳಿರಲಿಲ್ಲ. ಚಾಮಯ್ಯನವರೂ ಹೇಳಿರಲಿಲ್ಲ. ಕಾಳು ಬಿಟ್ಟು ಹೊಟ್ಟನ್ನು ಮಾತ್ರ ಒಯ್ಯುವ ಗಾಳಿಯೇ ನಮಗೆ ಒಳ್ಳೆಯ ಗಾಳಿ. ಯಾತಕ್ಕೆ ಒಳ್ಳೆಯದು ಎಂದು ಕಂಪನಿಯವರು ಕೇಳಬೇಕಿತ್ತು, ಕೇಳಲಿಲ್ಲ. ನಾನೂ ಕೇಳಲಿಲ್ಲ ಎನ್ನುವುದು ಬೇರೆ ಮಾತು.

16 ಜನವರಿ

ಕಂಬ ಬಿಚ್ಚಿ ಹರಿಗೋಲುಗಳಲ್ಲಿ ಸಾಗಿಸಿದರು. ಪೀರ್ ಸಾಬಿನ ಗೂಟಗಳು ಮಾತ್ರ ಮೇಲೆ ಬರಲಿಲ್ಲ, ಅಲ್ಲೇ ಬಿಟ್ಟರು.

ಸಂಜೆ ಮೂರನೇ ಕಾಲೋನಿಗೆ ಹೋಗಿ ಚಾಮಯ್ಯನವರ ಮುಂದೆ ಕುಳಿತು ನಡೆದದ್ದು ನಡೆದಂತೆ ಹೇಳಿದೆ. ಬಾಗಿಲಲ್ಲಿ ಜನ ತುಂಬಿದ್ದರು. ಕಂಪನಿಯನ್ನು ಬೈಯಬೇಕೆಂದು ಮಾತು ಜೋಡಿಸಿಕೊಂಡು ಹೋಗಿದ್ದೆ. ಯಾಕೋ ಒಂದೂ ಬಾಯಿಗೆ ಬರಲಿಲ್ಲ.

ಚಾಮಯ್ಯನವರು ಕೊನೆಯವರೆಗೂ ಕೇಳಿದರು. "ಅಂಗಾರೆ ಹೆಸ್ರು ಬರಾಕಿಲ್ಲ" ಎಂದರು. ಆಮೇಲೆ, "ಇಲ್ಲಿಂದ ಎಲ್ಲಿಗೋಯ್ತಾರಪ್ಪ ಅವ್ರು?"

"ಸಮುದ್ರಕ್ಕೆ."

"ಅಲ್ಲಿ ಯಾರವ್ರೆ?"

ಗೊತ್ತಿಲ್ಲ ಎಂದೆ. ಗೊತ್ತಿಲ್ಲದೆ ಇಷ್ಟು ದಿನ ಹೇಗಿದ್ದೆ? ಡೆನ್ಮಾರ್ಕಿನ ಮೀನು ಎಲ್ಲಿ ಮೊಟ್ಟೆ ಇಡುತ್ತದೆಂದು ಓದಿಕೊಂಡವನು ನಾನು.

17 ಜನವರಿ

ಪವಿತ್ರಾಗೆ ಫೋನ್. ಅಲ್ಲಿ ಮೀನುಗಾರರ ಊರಂತೆ. ಮುಂದಿನ ತಿಂಗಳು ಮೊದಲ ಸಭೆ. "ನೀವು ಬರ್ತೀರಾ ಸಾರ್? ನಮ್ಮ ಸಾಹೇಬರಿಗೆ ಇಷ್ಟ ಆಗಲ್ಲ. ಆದ್ರೆ ಬನ್ನಿ" ಎಂದಳು.

ಇಷ್ಟ ಆಗುವುದಿಲ್ಲವಂತೆ. ಇನ್ನು ಹೋಗದೆ ಇರುತ್ತೇನೆಯೇ?

18 ಫೆಬ್ರವರಿ

ಸಮುದ್ರ!

ಹುಣಸೂರಿನಲ್ಲಿ ಬಸ್ಸು ಬದಲಿಸಿ, ಮಡಿಕೇರಿ ದಾಟಿ ಘಾಟಿ ಇಳಿದು ಬಂದೆವು. ಪೀರ್ ಸಾಬ್ ಕಾಲಿರುವ ಹಡಗು ನೋಡುತ್ತೇನೆಂದು ಅಂಗಡಿ ಮುಚ್ಚಿ ಬಂದಿದ್ದಾನೆ. ಹಡಗು ಇನ್ನೂ ಹತ್ತು ವರ್ಷಕ್ಕೆ ಬರುತ್ತದೋ ಇಲ್ಲವೋ ಎಂದರೂ ಕೇಳಲಿಲ್ಲ. ದಡಕ್ಕೆ ಕಾಲಿಟ್ಟ ಕೂಡಲೇ ಅವನ ಟೋಪಿ ಹಾರಿತು. ಅಟ್ಟಿಸಿಕೊಂಡು ಓಡಿದ. ನಾನು ಪೇಪರ್ ಬಿಡಿಸಿದೆ. ನಡುವೆ ಹರಿದು ಅರ್ಧ ನನ್ನ ಕೈಯಲ್ಲಿ, ಅರ್ಧ ತೆಂಗಿನ ಮರದಲ್ಲಿ. ಕಣದಲ್ಲಿ ಇಂಥದ್ದು ಬಂದಿದ್ದರೆ ನಮ್ಮನ್ನೂ ಸೇರಿಸಿ ಒಯ್ಯುತ್ತಿತ್ತು. ಇದು ಗಾಳಿ!

ಮಧ್ಯಾಹ್ನ ಸಭೆ. ಬಲೆ ಒಣಗಿಸುವ ಚಪ್ಪರದಲ್ಲಿ ಕುರ್ಚಿ ಹಾಕಿದ್ದರು. ಕಂಪನಿಯ ದೊಡ್ಡ ಸಾಹೇಬರು ಪರದೆಯ ಮೇಲೆ ಚಿತ್ರ ತೋರಿಸಿದರು: ನೀಲಿ ನೀರು, ಬಿಳಿ ರೆಕ್ಕೆ. ಎಲ್ಲ ಚೆನ್ನಾಗಿತ್ತು. ಜನ ಸುಮ್ಮನಿದ್ದರು. ಆ ಮೌನ ನನಗೆ ಗೊತ್ತು. ಅಣೆಕಟ್ಟಿನ ಅಧಿಕಾರಿಗಳ ಮುಂದೆ, ಹುಣಸೆ ಮರದ ಕೆಳಗೆ, ನಾವೂ ಹೀಗೇ ಕುಳಿತಿದ್ದೆವು.

ಎದ್ದು ನಿಂತೆ. ಕೊಳವೆ ಬಡಿಯುವ ಸದ್ದಿಗೆ ಮೀನು ಎಷ್ಟು ದೂರ ಓಡುತ್ತದೆ, ಎಷ್ಟು ಕಾಲ ಓಡುತ್ತದೆ? ಕೇಬಲ್ ಹೂತ ಮೇಲೆ ಬಲೆ ಎಳೆಯಬಹುದೋ, ಇಲ್ಲವೋ? ಯಂತ್ರಗಳ ಸುತ್ತ ದೋಣಿ ಹೋಗಬಹುದೋ, ಬೇಲಿಯೋ? ಗಾಳಿ ಒಳ್ಳೆಯದಿದೆ ಎಂದು ಇವರನ್ನು ಕೇಳಿ ಬರೆದುಕೊಂಡಿದ್ದೀರಲ್ಲ, ಹಾಯಿಗೆ ಒಳ್ಳೆಯದೆಂದರೋ, ನಿಮ್ಮ ಯಂತ್ರಕ್ಕೆಂದರೋ? ವಿದ್ಯುತ್ತು ಬಂದ ಮೇಲೆ ಮೊದಲ ದೀಪ ಯಾರ ಮನೆಗೆ? ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಯಂತ್ರ ಬೇಡ ಎಂದು ಒಂದು ಸಲವೂ ಅನ್ನಲಿಲ್ಲ. ಸಾಹೇಬರ ಹಿಂದೆ ನಿಂತಿದ್ದ ಪವಿತ್ರಾ ತಲೆ ಬಗ್ಗಿಸಿ ಸರಸರ ಬರೆದುಕೊಳ್ಳುತ್ತಿದ್ದಳು.

ಸಾಹೇಬರು ನೀರು ಕುಡಿದು, "ನೀವು ಈ ಊರಿನವರಲ್ಲವಲ್ಲ. ಸ್ಥಳೀಯರು ಮಾತ್ರ ಮಾತಾಡಬೇಕು" ಎಂದರು. ಸಭೆಯ ನಡಾವಳಿ ಬರೆಯುತ್ತಿದ್ದವನು ಪೆನ್ನು ಎತ್ತಿ, "ಹೆಸರು? ಊರು?" ಎಂದ.

"ನೀಲಕಂಠಸ್ವಾಮಿ" ಎಂದೆ. "ಸೀಗೆಹುಂಡಿ."

ಎರಡನೇ ಕಾಲೋನಿ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಅದು. ಅವನು ಬರೆದುಕೊಂಡ.

ಮುಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಮೀನುಗಾರರೊಬ್ಬರು ಇಡೀ ಮೈ ತಿರುಗಿಸಿ ನನ್ನನ್ನು ನೋಡಿದರು. "ಅದು ಎಲ್ಲಿ ಉಂಟು?"

"ನೀರಿನೊಳಗೆ" ಎಂದೆ.

ಅವರು ನಗಲಿಲ್ಲ. ಹೊರಗೆ ಸಮುದ್ರ ದಡಕ್ಕೆ ಬಡಿಯುವುದು ಕೇಳುತ್ತಿತ್ತು. ಆಮೇಲೆ ಪಕ್ಕದವನ ಹೆಗಲು ತಟ್ಟಿ ಎಬ್ಬಿಸಿ, ಖಾಲಿಯಾದ ಕುರ್ಚಿಯನ್ನು ತಮ್ಮ ಹತ್ತಿರ ಎಳೆದುಕೊಂಡರು.

"ಮತ್ತೆ ಅಷ್ಟು ಹಿಂದೆ ಎಂತಕ್ಕೆ ನಿಂತದ್ದು ಮಾರಾಯ್ರೆ? ಇಲ್ಲಿ ಮುಂದೆ ಬಂದು ಕೂತ್ಕೊಳ್ಳಿ."